ಗೌತಮಿಗೆ ನೀರು ಕೊಡಬ್ಯಾಡ್ರಿ

ಮಗಳ ಹೊಟ್ಟೆಗೆ ಅಂಟಿಸಿದ ಚೀಲವನ್ನು ಧಮ್ಮಶೀಲಾ ಬೆಳಗಿನಿಂದ ಖಾಲಿ ಮಾಡುತ್ತಲೇ ಇದ್ದಳು. ಬಚ್ಚಲಿಗೆ ಸುರಿದು, ತೊಳೆದು, ಬಾಯಿ ಬಿಗಿದು, ಕೈ ಒರೆಸಿಕೊಂಡು ಒಲೆಯ ಮುಂದೆ ಕೂಡುವುದರೊಳಗೆ ಗೌತಮಿ ಗೋಡೆಗೆ ಒರಗಿದಲ್ಲಿಂದಲೇ ಅನ್ನುವಳು, "ಅವ್ವಾ, ಮತ್ತ ತುಂಬ್ಯಾದ."

ಬರುತ್ತಿದ್ದುದು ತಿಳಿನೀರು. ಮುಂಜಾನೆ ತಿನ್ನಿಸಿದ ಮೆತ್ತನೆಯ ಅನ್ನ ಅಗುಳು ಅಗುಳಾಗಿ ಹಾಗೇ ತೇಲಿಕೊಂಡು ಬಂದಿತ್ತು. ಉಂಡದ್ದು ಒಳಗೆ ನಿಲ್ಲುತ್ತಿಲ್ಲ, ಕುಡಿದದ್ದು ನಿಲ್ಲುತ್ತಿಲ್ಲ. ಹುಡುಗಿಯ ಕೆನ್ನೆ ಮಾತ್ರ ದಿನದಿಂದ ದಿನಕ್ಕೆ ಒಳಗೆ ಹೋಗುತ್ತಿತ್ತು.

ಬೇಸಿಗೆಯಲ್ಲಿ ಒಂದು ದಿನ ಗೌತಮಿ ಹೊಟ್ಟೆ ಹಿಡಿದುಕೊಂಡು ಬಿದ್ದು ಹೊರಳಾಡಿದ್ದಳು. ಹೊಕ್ಕುಳ ಬಟ್ಟಿ ಸರಿದಿದೆ ಎಂದು ಓಣಿಯ ಮುದುಕಿಯೊಬ್ಬಳ ಕೈಯಿಂದ ಎಣ್ಣೆ ಹಚ್ಚಿ ತಿಕ್ಕಿಸಿದರು. ಹುಡುಗಿ ಹಸಿರು ವಾಂತಿ ಮಾಡಿಕೊಳ್ಳತೊಡಗಿದ ಮೇಲೆ ಜಹೀರಾಬಾದಿನ ದವಾಖಾನೆಗೆ ಓಡಿದರು, ಅಲ್ಲಿಂದ ಹೈದರಾಬಾದಿಗೆ. ಹೊಟ್ಟೆ ಸೀಳಿ ನೋಡಿದರೆ ಸಣ್ಣ ಕರುಳು ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿಕೊಂಡು, ರಕ್ತ ನಿಂತು ಕರ್ರಗಾಗಿ ಹೋಗಿತ್ತಂತೆ. ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆದರು. ಉಳಿದದ್ದು ಒಂದು ಗೇಣಿಗಿಂತ ತುಸು ಹೆಚ್ಚು. ಅದರ ತುದಿಯನ್ನೇ ಹೊಟ್ಟೆಯ ಮೇಲೆ ತಂದು ಚೀಲ ಕೂಡಿಸಿದರು.

"ಕರುಳು ಬರೇ ಕೊಳವಿ ಅಲ್ಲಮ್ಮ," ಎಂದು ಅಲ್ಲಿನ ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದ್ದಳು. ಧಮ್ಮಶೀಲಾಳ ತವರು ತಾಂಡೂರು. ಆ ಮಾತು ಅವಳಿಗೆ ತನ್ನ ಮಾತಿನಷ್ಟೇ ತಿಳಿಯುತ್ತಿತ್ತು. ಉಂಡದ್ದನ್ನು ರಕ್ತಕ್ಕೆ ಮುಟ್ಟಿಸುವುದೇ ಕರುಳಿನ ಕೆಲಸ. ಈಗ ಆ ಕೆಲಸ ಮಾಡುವ ಜಾಗವೇ ಇಲ್ಲ. ಅದಕ್ಕೇ ಎದೆಯ ದೊಡ್ಡ ರಕ್ತನಾಳಕ್ಕೆ ಒಂದು ನಳಿಕೆ ಇಟ್ಟಿದ್ದೇವೆ. ಹಾಲಿನಂಥ ಬಿಳಿ ಔಷಧದ ಚೀಲ ತೂಗುಹಾಕಿದರೆ ಅನ್ನ, ಬೇಳೆ, ಎಣ್ಣೆಯ ಸತ್ವವೆಲ್ಲ ನೇರ ರಕ್ತಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಕರೆತಂದು ಎರಡು ದಿನ ಇಲ್ಲಿ ಇರಿಸಬೇಕು. ಅಷ್ಟರಲ್ಲಿ ಉಳಿದ ಕರುಳು ನಿಧಾನವಾಗಿ ಕೆಲಸ ಕಲಿಯುತ್ತದೆ. ಕಲಿಯಲಿಕ್ಕೆ ವರುಷವೂ ಬೇಕಾದೀತು.

ಆಮೇಲೆ ಡಾಕ್ಟರಮ್ಮ ಬೆರಳು ಎತ್ತಿ ಹೇಳಿದ ಮಾತನ್ನು ಧಮ್ಮಶೀಲಾ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲಳು. ಬರೀ ನೀರು ಕುಡಿಸಬೇಡಿ. ದಿನಕ್ಕೆ ಒಂದು ಸಣ್ಣ ಲೋಟ, ಅಷ್ಟೇ. ಉಳಿದದ್ದೆಲ್ಲ ನಾವು ಕೊಡುವ ಉಪ್ಪು-ಸಕ್ಕರೆಯ ನೀರು, ಗುಟುಕು ಗುಟುಕಾಗಿ. ಇಷ್ಟು ಗಿಡ್ಡ ಕರುಳಿಗೆ ಬರೀ ನೀರು ಬಿದ್ದರೆ ಅದು ಮೈಯೊಳಗಿನ ಉಪ್ಪನ್ನು ಎಳೆದುಕೊಂಡು ಹೊರಬೀಳುತ್ತದೆ. ಉಪ್ಪಿನ ಬೆನ್ನಿಗೆ ಮೈಯ ನೀರೂ ಹೋಗುತ್ತದೆ. ಕುಡಿದಷ್ಟೂ ಬಾಯಾರುತ್ತದೆ, ಬಾಯಾರಿದಷ್ಟೂ ಕುಡಿಯುತ್ತಾಳೆ, ಕುಡಿಯುತ್ತ ಕುಡಿಯುತ್ತಲೇ ಒಣಗಿ ಹೋಗುತ್ತಾಳೆ.

ಅದೆಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಸಮ್ಮೆ ಶುರುವಾಯಿತು. ಬೇರೆ ರಾಜ್ಯ ಬೇಕೆಂದು ಸಕಲ ಜನರೂ ಕೆಲಸ ಬಿಟ್ಟು ಕುಳಿತ ಮುಷ್ಕರ. ಸಾಲಿ ಬಂದ್, ಕಚೇರಿ ಬಂದ್, ಕಲ್ಲಿದ್ದಲು ಇಲ್ಲದೆ ಕರೆಂಟೂ ಬಂದು ಬಂದು ಹೋಗುವ ನೆಂಟ. ಬಸ್ಸುಗಳೆಲ್ಲ ಡಿಪೋದೊಳಗೆ ಸಾಲಾಗಿ ನಿಂತವು. ಹಾಗೆ ನಿಂತ ಬಸ್ಸುಗಳಲ್ಲಿ ಒಂದರ ಡ್ರೈವರು ಗೌತಮಿಯ ಅಪ್ಪ ಜೈಭೀಮನೇ. ಮೊದಲ ವಾರ ರೈಲಿನಲ್ಲಿ ಹೋಗಿ ಬಂದರು. ಮುಂದೆ ಹಳಿಯ ಮೇಲೂ ಜನ ಕುಳಿತರು. ಬಿಳಿ ಚೀಲದ ಸರದಿ ತಪ್ಪಿತು.

"ನಮ್ಮ ರಾಜ್ಯ ಬರ್ಲಿ, ದೊಡ್ಡ ದವಾಖಾನಿ ಇಲ್ಲೇ ನಮ್ಮ ಊರಾಗೇ ಆಗ್ತದ," ಎಂದಿದ್ದ ಜೈಭೀಮ ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

"ಆಗೋತನ ತಡಿ ಅಂತ ನಿಮ್ಮ ಮಗಳಿಗಿ ಹೇಳಿ ಹೋಗ್ರಿ," ಎಂದಳು ಧಮ್ಮಶೀಲಾ. "ನಾ ಹೇಳಿದ್ರ ಅಕಿ ಕರುಳು ಕೇಳವಲ್ದು."

ಅವನು ಕೊನೆಯ ಗುಂಡಿ ಹಾಕಿ ಚಪ್ಪಲಿ ಮೆಟ್ಟಿದ. ಅವನ ಮುಖದಲ್ಲಿ ಅವಳಿಗೆ ಸಿಟ್ಟು ಬರಿಸುವಂಥದ್ದೇನೂ ಇರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಆ ಮುಂಜಾನೆ ಅವಳು ಡಾಕ್ಟರಮ್ಮನಿಗೆ ಫೋನು ಹಚ್ಚಿದಳು. ಚೀಲ ತುಂಬಿ ತುಂಬಿ ಬರುತ್ತಿದೆ ಎಂದಳು. ಡಾಕ್ಟರಮ್ಮ ಮೊದಲು ಕೇಳಿದ್ದೇ ಅದು, ಬರೀ ನೀರು ಕುಡಿಯುತ್ತಿದ್ದಾಳೇನು?

"ಇಲ್ಲೇ ಇಲ್ರಿ ಮೇಡಂ. ನಾನೇ ಕೈಯಾರ ಉಪ್ಪಿನ ನೀರು ಕಲಸಿಟ್ಟು ಹೋಗ್ತೀನಿ."

ಕಲಸಿಟ್ಟು ಹೋಗುತ್ತಿದ್ದುದು ನಿಜ. ಟ್ರ್ಯಾಕ್ಟರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳದು ರೊಟ್ಟಿ ಬಡಿಯುವ ಕೆಲಸ. ಗಂಡನ ಪಗಾರ ನಿಂತ ಮೇಲೆ ಮನೆ ನಡೆಯುತ್ತಿದ್ದುದು ಆ ರೊಟ್ಟಿಯ ಮೇಲೆಯೇ. ಅವಳು ಹೋದ ಮೇಲೆ ಗೌತಮಿಯನ್ನು ನೋಡಿಕೊಳ್ಳುವವಳು ಅತ್ತೆ ಸಾಯಮ್ಮ. ಮೊಮ್ಮಗಳೆಂದರೆ ಮುದುಕಿಗೆ ಪ್ರಾಣ. ಹೊಟ್ಟೆಯ ಚೀಲ ಬದಲಿಸುವಾಗ ಮೂಗು ಮುಚ್ಚಿಕೊಳ್ಳದ ಒಂದೇ ಜೀವ ಅದು.

ಅಂದು ಕ್ಯಾಂಟೀನಿನಲ್ಲಿ ಕರೆಂಟು ಹೋಗಿ ಹಿಟ್ಟಿನ ಗಿರಣಿ ನಿಂತಿತೆಂದು ಎಲ್ಲರನ್ನೂ ಬೇಗ ಕಳಿಸಿದರು. ಧಮ್ಮಶೀಲಾ ಮನೆಗೆ ಬಂದಾಗ ಮುಂಬಾಗಿಲು ತೆರೆದೇ ಇತ್ತು. ಹಿತ್ತಲ ನೆರಳಿನಲ್ಲಿ ಸಾಯಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮಣ್ಣಿನ ಕೊಡ. ಗೌತಮಿ ಎರಡೂ ಕೈಯಿಂದ ಹಿತ್ತಾಳೆಯ ಚೊಂಬು ಹಿಡಿದು ಗಟಗಟ ಕುಡಿಯುತ್ತಿದ್ದಳು. ಕುಡಿದ ನೀರು ಗದ್ದದ ಮೇಲಿಂದ ಇಳಿಯುತ್ತಿತ್ತು. ಸಾಯಮ್ಮ ಸೆರಗಿನಿಂದ ಅದನ್ನು ಒರೆಸುತ್ತ, "ಸಾವಕಾಶ ನನ್ನ ಬಂಗಾರ, ಸಾವಕಾಶ. ಯಾರೂ ಕಸಗೊಳ್ಳಂಗಿಲ್ಲ," ಎನ್ನುತ್ತಿದ್ದಳು.

"ಅತ್ತೀ!"

ಚೊಂಬು ನೆಲಕ್ಕೆ ಬಿತ್ತು.

"ಎಂದಿಂದ ನಡದದ ಇದು?"

"ಏನು ಎಂದಿಂದ? ಕೂಸಿನ ನಾಲಗಿ ಅಂಗುಳಕ್ಕ ಅಂಟ್ಯಾದ. ನೀರು ಕೇಳ್ತು, ಕೊಟ್ಟೆ. ವಿಷ ಕೊಟ್ಟೀನೇನು?"

"ವಿಷಾನೇ ಅತ್ತೀ ಅದು ಇಕಿಗಿ! ಡಾಕ್ಟರು ಎಷ್ಟು ಸಲ ಹೇಳ್ಯಾರ? ನಿಮ್ಮ ಮುಂದೇ ಹೇಳ್ಯಾರ!"

"ನೀರಿಗಿ ವಿಷ ಅಂತೀ? ಬಾಯಾಗ ಹುಳಾ ಬಿದ್ದಾವು. ಉಪ್ಪ ಕಲಸಿದ ನೀರು ದನಕ್ಕ ಕುಡಸ್ತಾರ, ಮಕ್ಕಳಿಗಲ್ಲ. ದೊಡ್ಡ ದೊಡ್ಡ ಸಾಲಿ ಕಲ್ತೋರು ಹೇಳಿದ್ರಂತ ನೀರಡಸಿದ ಕೂಸಿಗಿ ಇಲ್ಲ ಅನ್ಲೇನು? ನನ್ನ ಕೈಲಿ ಆಗಂಗಿಲ್ಲ. ನೀ ಬೇಕಾದ್ರ ನನ್ನ ಮನಿ ಬಿಟ್ಟು ಹೊರಗ ಹಾಕು."

ಧಮ್ಮಶೀಲಾ ಬಗ್ಗಿ ಚೊಂಬನ್ನೂ ಕೊಡವನ್ನೂ ದೂರ ಸರಿಸಿದಳು. ನೀರು ಕೇಳಿದವರಿಗೆ ಇಲ್ಲ ಅನ್ನುವ ರೂಢಿಯೇ ಈ ಮನೆಯಲ್ಲಿ ಇರಲಿಲ್ಲ.

ಸಾಯಮ್ಮನ ತವರು ನಾರಾಯಣಖೇಡದ ಕಡೆಯ ಒಂದು ಹಳ್ಳಿ. ಅಲ್ಲಿ ಊರ ಬಾವಿಯ ಮೆಟ್ಟಿಲು ತುಳಿಯುವ ಹಕ್ಕು ಇವರ ಕೇರಿಗೆ ಇರಲಿಲ್ಲ. ಕೊಡ ಇಟ್ಟುಕೊಂಡು ದೂರ ಕೂಡಬೇಕು. ಮೇಲಿನವರು ಯಾರಿಗಾದರೂ ಮನಸ್ಸು ಬಂದರೆ ಮೇಲಿಂದ ಸುರಿಯುವರು. ಸಾಯಮ್ಮನ ತಮ್ಮ ಜ್ವರದಲ್ಲಿ ನೀರು ನೀರು ಎನ್ನುತ್ತಿದ್ದ ದಿನ ಅವಳು ಖಾಲಿ ಕೊಡ ಮುಂದಿಟ್ಟುಕೊಂಡು ಹೊತ್ತು ಇಳಿಯುವ ತನಕ ಕುಳಿತಿದ್ದಳು. ಯಾರಿಗೂ ಮನಸ್ಸು ಬರಲಿಲ್ಲ. ಮನೆಗೆ ಬಂದಾಗ ತಮ್ಮ ಕೇಳುವುದನ್ನು ನಿಲ್ಲಿಸಿದ್ದ. ಅವಳು ಮದುವೆಯಾಗಿ ಈ ಕಡೆ ಬಂದ ಮೇಲೆ ಇಲ್ಲಿನ ಕೇರಿಯವರು ತಮ್ಮದೇ ಬಾವಿ ತೋಡಿದರು. ಬುದ್ಧನಿಗೆ ಶರಣು ಹೋದ ದಿನ ಆ ಬಾವಿಯ ಕಟ್ಟೆಯ ಮೇಲೇ ನಿಂತು ಹಿರಿಯರು ಕಟ್ಟು ಮಾಡಿದರು: ನೀರು ಕೇಳಿದವನಿಗೆ ಜಾತಿ ಕೇಳಬಾರದು, ಇಲ್ಲ ಅನ್ನಬಾರದು, ಮೇಲಿಂದ ಸುರಿಯಬಾರದು, ಕೈಗೆ ಕೊಡಬೇಕು. ಇಂದಿಗೂ ಆ ಮನೆಗಳ ಮುಂದೆ ಹಾದಿಹೋಕರಿಗೆಂದು ಒಂದು ಕೊಡ ಇರುತ್ತದೆ. ಸೊಸೆಯಾಗಿ ಬಂದ ದಿನ ಧಮ್ಮಶೀಲಾಳ ಕೈಯಿಂದ ಮೊದಲು ತುಂಬಿಸಿದ್ದೂ ಅದೇ ಕೊಡ.

ಆ ನಿಯಮ ಮಾಡಿದವರಿಗೆ ಇಂಥ ಕರುಳೊಂದು ಇರುತ್ತದೆಂದು ಹೇಗೆ ಗೊತ್ತಿರಬೇಕು?

"ಅವ್ವಾ," ಎಂದಳು ಗೌತಮಿ. "ಕಾಲು ಹಿಡದದ."

ಮೀನಖಂಡ ಕಲ್ಲಿನಂತೆ ಬಿಗಿದಿತ್ತು. ಕಣ್ಣು ಗುಳಿ ಬಿದ್ದು ಅರ್ಧ ತೆರೆದೇ ಇದ್ದವು. ಕೈಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. "ಒಂದಕ್ಕ ಯಾವಾಗ ಹೋಗಿದ್ದಿ?" ಎಂದರೆ ಹುಡುಗಿಗೆ ನೆನಪಿಲ್ಲ. ಸಾಯಮ್ಮನಿಗೂ ನೆನಪಿಲ್ಲ. ಚೀಲ ಮಾತ್ರ ಮತ್ತೆ ಉಬ್ಬುತ್ತಿತ್ತು.

ಫೋನಿನಲ್ಲಿ ಡಾಕ್ಟರಮ್ಮನ ದನಿ ಬದಲಾಯಿತು. ಹೈದರಾಬಾದಿಗೆ ಈಗ ಬೇಡ, ಅಷ್ಟು ದೂರ ತಡೆಯಲಿಕ್ಕಿಲ್ಲ. ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು? ಬೀದರ? ಹೊರಡಿ. ಮೊದಲು ಉಪ್ಪಿನ ಡ್ರಿಪ್ ಏರಬೇಕು. ಅಲ್ಲಿನ ಡಾಕ್ಟರಿಗೆ ನನ್ನ ನಂಬರು ಕೊಡಿ. ಬರೀ ನೀರು ಒಂದು ಹನಿಯೂ ಬೇಡ.

ಅಂಬುಲೆನ್ಸಿಗೆ ಫೋನು ಮಾಡಿದರೆ ಹೆರಿಗೆಯ ಕೇಸಿಗೆ ಹೋಗಿದೆ, ತಡವಾಗುತ್ತದೆ ಎಂದರು. ಧಮ್ಮಶೀಲಾ ಆಟೋ ಓಡಿಸುವ ಮೊಗಲಪ್ಪನ ಮನೆಗೆ ಓಡಿದಳು. ಅವನ ಆಟೋ ಅಂಗಳದಲ್ಲಿ ಜೆಂಡಾ ಕಟ್ಟಿಕೊಂಡು ನಿಂತಿತ್ತು.

"ಬಂದ್ ಅದ ಅಕ್ಕ," ಎಂದ ಅವನು ಹಲ್ಲುಕಡ್ಡಿ ತೆಗೆಯುತ್ತ. "ಆಟೋನೂ ಬಂದ್, ನನ್ನ ಹೊಟ್ಟಿನೂ ಬಂದ್." ಅವಳ ಮುಖ ನೋಡಿದವನೇ ಕಡ್ಡಿ ಎಸೆದ. "ಹುಡುಗಿ ಏನು? ಎತ್ಗೊಂಡು ಬರ್ರಿ. ಜಲ್ದಿ."

ಸಾಯಮ್ಮ ಕರೆಯದೆಯೇ ಹತ್ತಿ ಕುಳಿತಳು. ಇಳಿಯಿರಿ ಎನ್ನಲು ಧಮ್ಮಶೀಲಾಳಿಗೆ ಪುರುಸೊತ್ತಿರಲಿಲ್ಲ.

ಬೀದರಿನ ರಸ್ತೆಗೆ ಹೊರಳುವ ಚೌಕದಲ್ಲಿ ಆಟೋ ನಿಂತೇಬಿಟ್ಟಿತು. ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಉದ್ದಕ್ಕೂ ಕಲ್ಲಿನ ಒಲೆ ಹೂಡಿ ಹಂಡೆ ಏರಿಸಿದ್ದರು. ಡಾಂಬರಿನ ಮೇಲೇ ಅಡುಗೆ, ಡಾಂಬರಿನ ಮೇಲೇ ಪಂಕ್ತಿ. ರಸ್ತೆಯಲ್ಲೇ ಬೇಯಿಸಿ ರಸ್ತೆಯಲ್ಲೇ ಉಂಡು ದಾರಿ ಕಟ್ಟುವುದು ಆ ಸಮ್ಮೆಯ ರೀತಿ. ಹೊಗೆ, ಡೋಲು, ಜೈಕಾರ, ಬೇಳೆಯ ಸಾರಿನ ವಾಸನೆ. ನೂರಾರು ಜನ ಬಿಸಿ ಅನ್ನಕ್ಕೆ ಎಲೆ ಹರವಿ ಕುಳಿತಿದ್ದರು. ಧಮ್ಮಶೀಲಾಳ ತೊಡೆಯ ಮೇಲೆ ಉಂಡದ್ದು ಮೈಗೆ ಹತ್ತದ ಕೂಸು.

"ಏ, ಆಟೋ ಹಿಂದ ತಗೀ!" ಎಂದು ಯಾರೋ ಕೂಗಿದರು.

"ಹಿಂದ ತಗದ್ರ ಹೆಣ ತಗದಂಗ ಆಗ್ತದ ಅಣ್ಣ, ದಾರಿ ಬಿಡ್ರಿ! ಕೂಸಿಗಿ ಜಾಸ್ತಿ ಅದ!" ಎಂದು ಮೊಗಲಪ್ಪ ಇಳಿದು ಕೈ ಮುಗಿದ.

ಜನ ಕೆಟ್ಟವರೇನಲ್ಲ. ಕೂಸು ಎಂದೊಡನೆ ಎದ್ದರು. ಆದರೆ ಕುದಿಯುವ ಹಂಡೆ ಕೂಡಲೇ ಎತ್ತಲು ಬಾರದು. ಬಿದಿರು ತರ್ರಿ, ಬಟ್ಟೆ ತರ್ರಿ ಎಂದು ಗದ್ದಲವಾಯಿತು. ಅಷ್ಟರಲ್ಲಿ ಮೈಸಮ್ಮ ಎಂಬ ಹೆಂಗಸು, ಪಂಕ್ತಿಗೆ ನೀರು ಬಡಿಸುತ್ತಿದ್ದವಳು, ಆಟೋದೊಳಗೆ ಬಗ್ಗಿ ನೋಡಿ ಎದೆ ಹಿಡಿದುಕೊಂಡಳು.

"ಅಯ್ಯೋ ನಮ್ಮವ್ವ, ತುಟಿ ಹ್ಯಾಂಗ ಒಡದಾವ! ನೀರ ಕುಡಸ್ರಿ ಮೊದಲು." ಅವಳು ಲೋಟ ಚಾಚಿದಳು. ಗೌತಮಿಯ ಕಣ್ಣು ಪೂರಾ ತೆರೆದವು. ಧಮ್ಮಶೀಲಾಳ ಎರಡೂ ಕೈ ಮಗಳ ಕೆಳಗಿದ್ದವು. ಲೋಟವನ್ನು ಇಸಿದುಕೊಂಡವಳು ಸಾಯಮ್ಮ.

"ಬ್ಯಾಡ್ರಿ ಅತ್ತೀ."

"ಒಂದೇ ಗುಟುಕು ಧಮ್ಮಿ. ತುಟಿ ಒದ್ದಿ ಮಾಡ್ತೀನಿ. ನೋಡು ಅದರ ಮುಖ."

ಗೌತಮಿ ಕುತ್ತಿಗೆ ಚಾಚಿದಳು. ಲೋಟದ ಅಂಚು ಅವಳ ತುಟಿಗೆ ತಾಗುವಷ್ಟರಲ್ಲಿ ಧಮ್ಮಶೀಲಾ ಒಂದು ಕೈ ಬಿಡಿಸಿಕೊಂಡು ಅದನ್ನು ಬಡಿದಳು. ನೀರು ಸಾಯಮ್ಮನ ಮುಖಕ್ಕೆ, ಸೀರೆಗೆ, ರಸ್ತೆಗೆ ಚೆಲ್ಲಿತು.

ಸುತ್ತಲಿಂದ ಮಾತು ಬಿದ್ದವು.

"ತಾಯೀನೋ ಏನು ಮಾರಿನೋ?"

"ನೀರ ಚೆಲ್ತಾಳಲ್ಲೋ, ಸಾಯೋ ಕೂಸಿನ ಬಾಯಿ ಮುಂದಿಂದು!"

"ಮಲತಾಯಿ ಇದ್ದಾಳು ಬಿಡ್ರಿ."

ಧಮ್ಮಶೀಲಾಳಿಗೆ ಅವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಏನೆಂದು ಹೇಳುವುದು? ನನ್ನ ಮಗಳಿಗೆ ನೀರೇ ಬೇನೆ ಎಂದರೆ ಈ ಲೋಕದಲ್ಲಿ ಯಾರು ನಂಬುತ್ತಾರೆ? ತನಗೇ ನಂಬಲು ಎಷ್ಟು ದಿನ ಹಿಡಿದಿತ್ತು. "ಗೌತಮಿಗೆ ನೀರು ಕೊಡಬ್ಯಾಡ್ರಿ," ಎಂದಷ್ಟೇ ಎಂದಳು. "ಯಾರೂ ಕೊಡಬ್ಯಾಡ್ರಿ." ಚೀಲ ಒತ್ತದಂತೆ ಮಗಳನ್ನು ಎದೆಗೆ ಎತ್ತಿಕೊಂಡಳು.

ಸಾಯಮ್ಮ ಮುಖ ಒರೆಸಿಕೊಳ್ಳಲಿಲ್ಲ. ಕೈಯಲ್ಲಿದ್ದ ನೀರನ್ನು ಯಾರೋ ಚೆಲ್ಲಿಸಿದ್ದು ಅವಳ ಬಾಳಿನಲ್ಲಿ ಅದು ಮೊದಲಲ್ಲ. ಚೆಲ್ಲಿಸಿದವಳು ಮನೆಯ ಸೊಸೆಯಾಗಿದ್ದುದು ಮೊದಲು.

ಗುಂಪು ಸೀಳಿಕೊಂಡು ಜೈಭೀಮ ಬಂದ. ಅವನ ಕೈಗೆ ಅನ್ನ ಮೆತ್ತಿತ್ತು. ಅವನೂ ಅಲ್ಲೇ ಬಡಿಸುತ್ತಿದ್ದ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ತಿರುಗಿ ಹಂಡೆಯ ಬಳಿಗೆ ಹೋಗಿ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು, ಜತೆಯವರು ಬಿದಿರು ತರುವ ಮೊದಲೇ ಕುದಿಯುವ ಹಂಡೆಯ ಬಳೆ ಹಿಡಿದು ಎಳೆದ. ಇನ್ನಿಬ್ಬರು ಡ್ರೈವರುಗಳು ಆಚೆ ಕಡೆ ಹಿಡಿದರು. ಸಾರು ತುಳುಕಿ ಅವನ ಪಾದದ ಮೇಲೆ ಬಿತ್ತು. ಹಾದಿಯಾಯಿತು. ಅವನು ಕುಂಟುತ್ತ ಬಂದು ಮೊಗಲಪ್ಪನ ಪಕ್ಕದಲ್ಲಿ ತೂರಿಕೊಂಡ.

ಬೀದರಿನ ಹಾದಿಯಲ್ಲಿ ಗೌತಮಿ ನೀರು ಕೇಳುವುದನ್ನು ನಿಲ್ಲಿಸಿದಳು. ಅವಳು ಕೇಳದೆ ಹೋದಾಗಿನಿಂದ ಸಾಯಮ್ಮ ಅವಳ ಮೂಗಿನ ಕೆಳಗೆ ಬೆರಳು ಹಿಡಿದುಕೊಂಡೇ ಕುಳಿತಳು.

ಬೀದರಿನ ದವಾಖಾನೆಯ ಡಾಕ್ಟರು ಎಳೆಯ ವಯಸ್ಸಿನವನು. ಹೊಟ್ಟೆಯ ಚೀಲ, ಎದೆಯ ನಳಿಕೆ ನೋಡಿ ಹುಬ್ಬು ಗಂಟಿಕ್ಕಿ, ಧಮ್ಮಶೀಲಾ ಕೊಟ್ಟ ನಂಬರಿಗೆ ತಾನೇ ಫೋನು ಹಚ್ಚಿ ಹೈದರಾಬಾದಿನವಳ ಮಾತು ಕೇಳಿಕೊಂಡ. ಕೈಯ ನರ ಸಿಗದಷ್ಟು ಬತ್ತಿದ್ದವು. ಕೈ ತೊಳೆದು, ಗ್ಲೌಸು ಹಾಕಿ, ನಳಿಕೆಯ ಬಾಯನ್ನು ಔಷಧದಿಂದ ಒರೆಸಿ ಒರೆಸಿ ಅದಕ್ಕೇ ಡ್ರಿಪ್ ಕೂಡಿಸಿದ. "ಇದು ನೇರ ಹೃದಯದ ದಾರಿ. ಹೊಲಸು ಹೋದ್ರೆ ರಕ್ತಕ್ಕೇ ನಂಜು ಏರ್ತದೆ. ಯಾರೂ ಮುಟ್ಟಬೇಡಿ," ಎಂದು ನರ್ಸಿಗೂ ಹೇಳಿದ.

ಒಂದು ಬಾಟಲಿ ಇಳಿಯಿತು. ಇನ್ನೊಂದು ಏರಿತು. ಕಿಟಕಿಯ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಮೂವರೂ ಮಂಚದ ಸುತ್ತ ನಿಂತು ಕಾಯುತ್ತಿದ್ದುದು ಒಂದಕ್ಕೇ. ಕೊನೆಗೂ ಗೌತಮಿ "ಅವ್ವಾ, ಒಂದಕ್ಕ," ಎಂದಾಗ ಜೈಭೀಮ ಬೆಡ್‌ಪ್ಯಾನಿಗಾಗಿ ಓಡಿದ ರಭಸಕ್ಕೆ ಸುಟ್ಟ ಪಾದ ಬಾಗಿಲಿಗೆ ಬಡಿದು "ಹಾಯ್" ಎಂದ. ಬಂದದ್ದು ನಾಲ್ಕು ಚಮಚೆಯಷ್ಟು, ಚಹಾದ ಬಣ್ಣದ್ದು. ಅವನು ಅದನ್ನು ಬಂಗಾರದ ಬಟ್ಟಲಿನಂತೆ ಎರಡೂ ಕೈಯಲ್ಲಿ ಹಿಡಿದು ಡಾಕ್ಟರಿಗೆ ತೋರಿಸಲು ಹೊರಟ.

"ಅಪ್ಪಾ, ಚೆಲ್ಲೀ," ಎಂದಳು ಗೌತಮಿ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಹುಡುಗಿಗೆ ಜೀವ ಬಂದದ್ದು ಗೊತ್ತಾದದ್ದು ಬಾಯಾರಿಕೆ ತಿರುಗಿ ಬಂದದ್ದರಿಂದ. ಧಮ್ಮಶೀಲಾ ಬಾಟಲಿಯ ಉಪ್ಪು-ಸಕ್ಕರೆಯ ನೀರನ್ನು ಚಮಚೆಯಿಂದ ಬಾಯಿಗಿಟ್ಟಳು. ಗೌತಮಿ ಮುಖ ಹಿಂಡಿ ಅರ್ಧ ಉಗುಳಿದಳು. ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು ಕರೆದಳು, "ತಾಯಿ ಯಾರು? ಹೈದರಾಬಾದಿನ ಮೇಡಂ ಲೈನಿನಾಗಿದ್ದಾರ. ನಿಮ್ ಜೋಡಿನೇ ಮಾತಾಡಬೇಕಂತ."

ಜೈಭೀಮ ಹೊರಗೆ ಅಂಬುಲೆನ್ಸು ಗೊತ್ತುಮಾಡಲು ಹೋಗಿದ್ದ. ಮಂಚದ ಬಳಿ ಇದ್ದವಳು ಸಾಯಮ್ಮ ಒಬ್ಬಳೇ. ಧಮ್ಮಶೀಲಾ ಚಮಚೆ ಹಿಡಿದುಕೊಂಡೇ ನಿಂತಳು. ಮಗ್ಗುಲು ಮಂಚದವರ ಸ್ಟೂಲಿನ ಮೇಲೆ ತಂಬಿಗೆ ತುಂಬ ತಣ್ಣೀರಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಹೋಗು," ಎಂದಳು ಸಾಯಮ್ಮ, ಅವಳ ಮುಖ ನೋಡದೆ.

ಧಮ್ಮಶೀಲಾ ಚಮಚೆಯನ್ನು ಅತ್ತೆಯ ಕೈಗೆ ಕೊಟ್ಟು ಹೋದಳು.

ಡಾಕ್ಟರ ಕೋಣೆ ವಾರ್ಡಿಗೆ ಹೊಂದಿಕೊಂಡೇ ಇತ್ತು. ಫೋನಿನಲ್ಲಿ ಡಾಕ್ಟರಮ್ಮ ಮೆಲ್ಲಗೆ, ಏನನ್ನೂ ಮುಚ್ಚದೆ ಹೇಳುತ್ತಿದ್ದಳು. ಇವತ್ತು ಉಳಿದಳು. ನಾಳೆ ಇಲ್ಲಿಗೆ ಬರಲೇಬೇಕು. ಬಿಳಿ ಚೀಲವನ್ನು ಇನ್ನು ವಾರಕ್ಕೊಮ್ಮೆ ಅಲ್ಲ, ದಿನಾ ಕೊಡಬೇಕಾಗುತ್ತದೆ, ಎಷ್ಟು ತಿಂಗಳೋ ಹೇಳಲಾರೆ. ಅದು ಹೆಚ್ಚು ದಿನ ನಡೆದರೆ ಲಿವರಿಗೂ ಪೆಟ್ಟು, ನಳಿಕೆಗೆ ನಂಜಾಗುವ ಭಯ. ಉಳಿದ ಕರುಳು ಕೆಲಸ ಕಲಿತರೆ ಒಳ್ಳೆಯದು. ಕಲಿಯದಿದ್ದರೆ ಬೇರೆಯವರ ಕರುಳು ಕೂಡಿಸುವ ಆಪರೇಷನ್ ಉಂಟು. ನಮ್ಮ ದೇಶದಲ್ಲಿ ಅದನ್ನು ಮಾಡುವ ಜಾಗ ಇನ್ನೂ ಬೆರಳೆಣಿಕೆ.

"ಕಲೀತದೇನ್ರಿ ಮೇಡಂ?"

"ನನಗೆ ಗೊತ್ತಿಲ್ಲಮ್ಮ. ಕಲಿಯಲಿಕ್ಕೆ ಅದಕ್ಕೆ ಟೈಮ್ ಕೊಡಬೇಕು. ಆ ಟೈಮ್ ಮಾತ್ರ ನಮ್ಮ ಕೈಲಿರೋದು."

ಅರೆತೆರೆದ ಬಾಗಿಲಿನಿಂದ ಗೌತಮಿ ಅಜ್ಜಿಯನ್ನು ಬೇಡುವ ದನಿ ಕೇಳಿಸಿತು. "ಆಯೀ, ಒಂದೇ ಗುಟುಕು ಆಯೀ. ಅವ್ವ ಇಲ್ಲ ಈಗ. ಆ ತಂಬಗಿಂದು."

ಧಮ್ಮಶೀಲಾಳ ಕಾಲು ಬಾಗಿಲ ಕಡೆ ಹೊರಳಿತು. ಫೋನಿನ ವೈರು ಅಷ್ಟು ಉದ್ದವಿರಲಿಲ್ಲ.

"ಪಾಪ, ಕೊಡ್ರಿ ಆಯಿ," ಎಂದಿತು ಮಗ್ಗುಲು ಮಂಚದ ಹೆಂಗಸಿನ ದನಿ. "ಕೂಸು ನೀರ ಕೇಳಲತ್ತದ. ತಗೋರಿ, ನಮ್ಮದು ಕಾಸಿ ಆರಿಸಿದ ನೀರೇ ಅದ."

ತಂಬಿಗೆ ಎತ್ತಿದ ಸದ್ದೋ ಇಟ್ಟ ಸದ್ದೋ ತಿಳಿಯಲಿಲ್ಲ. ಆಮೇಲೆ ಸಾಯಮ್ಮನ ದನಿ ಬಂತು, ತನ್ನದೇ ಅಲ್ಲವೇನೋ ಎಂಬಂತೆ ಗಡುಸಾಗಿ.

"ಬ್ಯಾಡ ಯವ್ವಾ, ಒಳಗ ಇಟ್ಕೋ ಅದು. ನಮ್ಮ ಕೂಸಿಗಿ ನೀರಿಲ್ಲ." ಮತ್ತೆ, "ಏ ಗೌತಮಿ, ಅಳಬ್ಯಾಡ. ಬಾಯಿ ತಗೀ. ಇದನ್ನ ನುಂಗು. ಉಗಳಿದ್ರ ಹೊಡಿತೀನಿ ನೋಡು, ನುಂಗು."

ಗೌತಮಿ ಅಳುತ್ತಿದ್ದಳು. ಮುದುಕಿಯೂ ಅಳುತ್ತಿದ್ದಳು. ಚಮಚೆ ಬಾಟಲಿಗೆ ತಾಗಿ ಕಿಣಿ ಎಂದಿತು, ಮತ್ತೊಮ್ಮೆ ಕಿಣಿ ಎಂದಿತು.

"ಹಲೋ? ಕೇಳ್ತಿದ್ದೀಯಾ ಅಮ್ಮ?" ಎಂದಳು ಡಾಕ್ಟರಮ್ಮ.

ಧಮ್ಮಶೀಲಾ ಗೋಡೆಗೆ ಒರಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಹೇಳ್ರಿ ಮೇಡಂ. ನಾಳಿ ಎಷ್ಟೊತ್ತಿಗಿ ಬರಬೇಕು?"